ಕೊಯ್ದು ನೋಡದ ಬೆಸುಗೆ

ಗೌರಮ್ಮ ಮೇಡಂ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದುದು ಗೇಟನ್ನು. ಚಪ್ಪಲಿ ಬಿಡುವ ಮೊದಲೇ ಗೇಟಿನ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿ, "ಅವಸರದ ಕೆಲ್ಸ" ಎಂದೋ, "ಕೈ ಪರವಾಗಿಲ್ಲ" ಎಂದೋ ತೀರ್ಪು ಕೊಟ್ಟ ಮೇಲೆಯೇ ಒಳಗೆ ಬಂದು ಕಾಫಿ ಕುಡಿಯುತ್ತಿದ್ದರು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹೊಸ ಮನೆ ಕಟ್ಟಿದವರು ಗೃಹಪ್ರವೇಶಕ್ಕೆ ಅವರನ್ನು ಕರೆಯಲು ಸ್ವಲ್ಪ ಹೆದರುತ್ತಿದ್ದರು. ಕರೆಯದಿದ್ದರೆ ಇನ್ನೂ ಕಷ್ಟ, ರಸ್ತೆಯಲ್ಲಿ ನಿಂತೇ ಹೇಳಿಬಿಡುತ್ತಿದ್ದರು.

ಅವರು ಐಟಿಐಯಲ್ಲಿ ವೆಲ್ಡಿಂಗ್ ಕಲಿಸಿ ನಿವೃತ್ತರಾದವರು. ನಮ್ಮ ಎದುರು ಮನೆಯಲ್ಲಿ ತಂಗಿ ಶಾರದಮ್ಮನ ಜೊತೆ ಇದ್ದರು. ಎತ್ತರದ ಆಳು, ಸೀರೆಯ ಮೇಲೊಂದು ಖಾಕಿ ಅಂಗಿ, ಅದರ ತೋಳಿನ ತುಂಬ ಕಿಡಿ ಬಿದ್ದು ಸುಟ್ಟ ತೂತುಗಳು. ಅಂಗಿ ಬದಲಾಯಿಸಬಾರದೇ ಅಂದರೆ, ಗಾಳಿ ಚೆನ್ನಾಗಿ ಆಡುತ್ತದೆ ಅನ್ನುತ್ತಿದ್ದರು. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಸಿ, ತಮ್ಮ ವೆಲ್ಡಿಂಗ್ ಸೆಟ್ಟನ್ನು ಅಲ್ಲಿ ಇಟ್ಟುಕೊಂಡಿದ್ದರು. ಅದಕ್ಕೆ ಸೂರ್ಯ ಹುಟ್ಟುವ ದಿಕ್ಕಿನ ಮೂಲೆಯೇ ಬೇಕೆಂದು ಹಟ ಹಿಡಿದು, ಶಾರದಮ್ಮನ ಕರಿಬೇವಿನ ಗಿಡ ಕೀಳಿಸಿದ್ದರು. ಆ ಜಗಳ ಕೊನೆಯವರೆಗೂ ಮುಗಿಯಲಿಲ್ಲ.

ನನ್ನ ಅಪ್ಪನ ಹಳೇ ಪದ್ಮಿನಿ ಕಾರು ಅವರ ಕೈಗೆ ಬಿದ್ದದ್ದು ಅದರ ಸದ್ದಿನಿಂದ. ಎಂಜಿನ್ನಿನ ಹೊಗೆಯನ್ನು ಹೊರಗೆ ಸಾಗಿಸುವ ಎರಕದ ಮ್ಯಾನಿಫೋಲ್ಡ್ ಬಿರುಕು ಬಿಟ್ಟು, ಕಾರು ಟ್ರ್ಯಾಕ್ಟರಿನ ಹಾಗೆ ಬಡಿದುಕೊಳ್ಳುತ್ತಿತ್ತು. ಆ ಭಾಗ ಎಲ್ಲೂ ಸಿಗಲಿಲ್ಲ. ಗುಜರಿಗೆ ಹಾಕಿ ಎಂದು ಊರಿನ ಮೆಕ್ಯಾನಿಕ್‌ಗಳೆಲ್ಲ ಹೇಳಿಯಾಗಿತ್ತು. ಅಪ್ಪ ಹೋದ ಮೇಲೆ ಉಳಿದದ್ದು ಅದೊಂದೇ, ನನಗೆ ಮನಸ್ಸು ಬರಲಿಲ್ಲ. ಒಂದು ಬೆಳಿಗ್ಗೆ ಮೇಡಂ ರಸ್ತೆ ದಾಟಿ ಬಂದು, ಕೇಳದೇ ಬಾನೆಟ್ ಎತ್ತಿ, ತುಂಬ ಹೊತ್ತು ಒಳಗೆ ಬಗ್ಗಿ ನೋಡಿದರು. ಎರಕದ್ದನ್ನು ಹುಡುಕುವುದು ಬಿಡು, ಉಕ್ಕಿನ ಕೊಳವೆಯಲ್ಲಿ ಹೆಡರ್ ಮಾಡಿಕೊಡುತ್ತೇನೆ ಅಂದರು. ನಾಲ್ಕು ಸಿಲಿಂಡರಿನಿಂದ ನಾಲ್ಕು ಕೊಳವೆ ಹೊರಟು, ಬಳುಕಿ ಬಂದು, ಕೆಳಗೆ ಒಂದೇ ಬಾಯಿಗೆ ಸೇರುವುದೇ ಹೆಡರ್. ಹಿಂದೆ ಮಾಡಿದ್ದೀರಾ ಅಂದೆ.

"ಇಲ್ಲ. ಅದಕ್ಕೇ ಮಾಡ್ಬೇಕು" ಅಂದರು. ಆಮೇಲೆ ಬಾನೆಟ್ ಇಳಿಸುತ್ತಾ ಹೇಳಿದರು, "ನೋಡಪ್ಪಾ ಮಂಜು, ನನ್ನ ಸರ್ವೀಸ್ ಪೂರ್ತಿ ಹಾಕಿದ ಬೆಸುಗೆನೆಲ್ಲಾ ಕೊಯ್ದು, ಒಳಗೆ ನೋಡಿ, ಗುಜರಿಗೆ ಎಸೆದಿದ್ದೇ ಆಯ್ತು. ಪರೀಕ್ಷೆ ಅಂದ್ರೆ ಅಷ್ಟೇ ತಾನೆ. ನಾನು ಮಾಡಿದ್ದು ಅಂತ ಒಂದಾದ್ರೂ ಓಡಾಡ್ಬೇಕು. ಕಣ್ಣಿರೋದ್ರೊಳಗೆ."

ಸಕ್ಕರೆ ಕಾಯಿಲೆ ಆಗಲೇ ಅವರ ಕಣ್ಣಿಗಿಳಿದಿತ್ತು. ಬೆಸುಗೆಯ ಬೆಳಕು ಇನ್ನು ಬೇಡ ಎಂದು ಡಾಕ್ಟರು ಹೇಳಿದ್ದನ್ನು ಶಾರದಮ್ಮ ಇಡೀ ಬೀದಿಗೆ ಸಾರಿದ್ದರು. ಮೇಡಂ ಇದೊಂದು ಮುಗಿಯಲಿ ಎಂದು ಬಾಯಿ ಮುಚ್ಚಿಸಿದ್ದರು.

ಕೆಲಸ ಶುರುವಾಯಿತು. ಬಾಗಿದ ಕೊಳವೆಗಳನ್ನು ತುಂಡು ಮಾಡಿ, ಎಂಜಿನ್ನಿನ ಮೇಲೆಯೇ ಹಿಡಿದು ನೋಡಿ, ಚುಕ್ಕಿ ಬೆಸುಗೆ ಇಟ್ಟು ಜೋಡಿಸುತ್ತಿದ್ದರು. ನಾಲ್ಕೂ ಒಂದೇ ಉದ್ದ ಇರಬೇಕು, ಸ್ಟೀರಿಂಗ್ ರಾಡಿಗೆ ತಾಗಬಾರದು, ಬಾನೆಟ್ಟಿಗೆ ಬಡಿಯಬಾರದು. ಕೈ ಹೋಗದ ಸಂದಿನಲ್ಲಿ ಎಷ್ಟು ಜಾಗ ಉಳಿಯಿತೆಂದು ನೋಡಲು ಅವರು ಬಳಸುತ್ತಿದ್ದುದು ರಾಗಿ ಮುದ್ದೆ. ಬಿಸಿ ಮುದ್ದೆಯ ಉಂಡೆಯನ್ನು ಕೊಳವೆಯ ಮೇಲೆ ಮೆತ್ತಿ, ಬಾನೆಟ್ ಮುಚ್ಚಿ ತೆಗೆದರೆ, ಅದು ಎಷ್ಟು ಚಪ್ಪಟೆಯಾಯಿತೋ ಅಷ್ಟೇ ಜಾಗ. ಊಟದ ಮುದ್ದೆಯನ್ನು ಎಂಜಿನ್ನಿಗೆ ಬಡಿಸುತ್ತಾಳೆಂದು ಶಾರದಮ್ಮ ಗೊಣಗುತ್ತಿದ್ದರು, ಆದರೂ ದಿನಾ ಒಂದು ಮುದ್ದೆ ಜಾಸ್ತಿ ಕಟ್ಟುತ್ತಿದ್ದರು.

ಹೆಡರ್ ಮುಗಿದ ದಿನ ನಾನು ಸ್ವೀಟು ತರಲು ಹೋದೆ. ವಾಪಸು ಬಂದು ನೋಡಿದರೆ ಶೆಡ್ಡಿನ ನೆಲದ ಮೇಲೆ ಹೆಡರ್ ಎರಡು ಹೋಳಾಗಿ ಬಿದ್ದಿತ್ತು. ಮೇಡಂ ಕೈಯಲ್ಲಿ ಹ್ಯಾಕ್ಸಾ ಗರಗಸ. ಮೂರನೇ ಕೊಳವೆಯ ಬೆಸುಗೆ ಒಳಗೆ ಪೂರ್ತಿ ಇಳಿದಿದೆಯೋ ಇಲ್ಲವೋ ಎಂಬ ಅನುಮಾನ ಬಂದು, ಅಭ್ಯಾಸಬಲದಿಂದ ನಾಲ್ಕೂ ಕೊಳವೆಗೆ ಅಡ್ಡವಾಗಿ ಕೊಯ್ದುಬಿಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಮೇಡಂ ಕೊಯ್ದ ಬಾಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು.

"ಎಷ್ಟು ಚೆನ್ನಾಗಿತ್ತು ನೋಡು" ಅಂದರು. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿ ಆ ಗರಗಸವನ್ನು ನನ್ನ ಕೈಗೆ ಕೊಟ್ಟರು. "ಇದು ನಿನ್ನತ್ರ ಇರ್ಲಿ. ಮುಗಿದ್ಮೇಲೆ ನಾನು ಕೇಳಿದ್ರೂ ಕೊಡ್ಬೇಡ." ಎರಡನೆಯ ಹೆಡರಿಗೆ ಕೊಳವೆ ಕೊಯ್ಯಬೇಕಾದಾಗಲೆಲ್ಲ ಬಂದು ಗರಗಸ ಒಯ್ಯುತ್ತಿದ್ದರು, ಸಂಜೆ ತಂದು ಒಪ್ಪಿಸುತ್ತಿದ್ದರು. ಕಣ್ಣು ಮಂಜಾದ ದಿನ ಕೆಲಸ ನಿಲ್ಲುತ್ತಿತ್ತು. ಕೊನೆಯ ಬೆಸುಗೆ ಹಾಕಿದ ಮಧ್ಯಾಹ್ನ ಬಂದು ನಮ್ಮ ಜಗಲಿಯ ಮೇಲೆ ಕೈಕಟ್ಟಿ ಕುಳಿತರು. ಬೇಗ ಕಾರಿಗೆ ಹಾಕು, ನನ್ನ ಮೇಲೆ ನನಗೇ ನಂಬಿಕೆಯಿಲ್ಲ ಅಂದರು. ಹಾಕಿದೆವು.

ಕಾರು ಶುರುವಾಗಿ ತುಂಬು ದನಿಯಲ್ಲಿ ಗುಡುಗತೊಡಗಿತು. ಸ್ವಲ್ಪ ಹೊತ್ತಿಗೆ ಬೀದಿಯ ತುಂಬ ರಾಗಿ ರೊಟ್ಟಿ ಸುಟ್ಟ ವಾಸನೆ. ಸಂದಿನಲ್ಲಿ ಉಳಿದ ಮುದ್ದೆಯನ್ನು ತೆಗೆಯಲು ಇಬ್ಬರೂ ಮರೆತಿದ್ದೆವು. ಶಾರದಮ್ಮ ಬಾಗಿಲಿಗೆ ಬಂದು, ಚಟ್ನಿ ಬೇಕಾ ಎಂದು ಕೇಳಿದರು. ಆ ಸಂಜೆಯೇ ಒಂದು ಸುತ್ತು ಹೊರಟೆವು. ಮಾಕಳಿದುರ್ಗದ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ಕಿಟಕಿ ಇಳಿಸಿ ಕುಳಿತ ಮೇಡಂ ಬೆಟ್ಟವನ್ನು ನೋಡಲೇ ಇಲ್ಲ, ಇಡೀ ದಾರಿ ಕಿವಿ ಹೊರಗಿಟ್ಟಿದ್ದರು.

ಆಮೇಲೆ ಕಣ್ಣು ಪೂರ್ತಿ ಹೋಯಿತು. ನಾನು ಕೊನೆಯ ಸಲ ಮಾತಾಡಿಸಿದಾಗ ಶಾರದಮ್ಮನ ಕೈ ಹಿಡಿದು ಕಾರಿನ ಹತ್ತಿರ ಬಂದು, ತಣ್ಣಗಿದ್ದ ಹೆಡರಿನ ಮೇಲೆ ಹೆಬ್ಬೆರಳು ಆಡಿಸಿದರು. ಗರಗಸ ಎಲ್ಲಿದೆ ಎಂದು ಕೇಳಿದರು. ಡಿಕ್ಕಿಯಲ್ಲಿದೆ ಅಂದೆ.

"ಅಲ್ಲೇ ಇರ್ಲಿ. ಒಳಗೆ ಹೆಂಗಿದೆ ಅಂತ ಯಾರೂ ನೋಡ್ಬೇಕಾಗಿಲ್ಲ. ಓಡ್ತಾ ಇದ್ಯಲ್ಲಾ."

ಅವರು ತೀರಿಕೊಂಡ ಮೇಲೆ, ಐಟಿಐಯಲ್ಲಿ ಅವರ ಜಾಗದಲ್ಲಿ ಈಗ ಕಲಿಸುತ್ತಿರುವ ಮೇಷ್ಟ್ರು ನಮ್ಮ ಮನೆಗೆ ಬಂದಿದ್ದರು. ಮೇಡಂ ಹತ್ತಿರವೇ ಕಲಿತವರು. ಹೆಡರನ್ನು ಕಣ್ತುಂಬ ನೋಡಿ, ಯಾವತ್ತಾದರೂ ಇದನ್ನು ಬಿಚ್ಚಿದರೆ ಕೊಡಿ, ಒಂದು ಬೆಸುಗೆ ಕೊಯ್ದು ಮಕ್ಕಳಿಗೆ ಒಳಗೆ ತೋರಿಸುತ್ತೇನೆ ಎಂದು ಬಹಳ ಗೌರವದಿಂದಲೇ ಕೇಳಿದರು.

"ಅದೊಂದು ಆಗಲ್ಲ ಮೇಷ್ಟ್ರೇ. ಹತ್ತಿ, ಒಂದು ರೌಂಡ್ ಹೋಗ್ಬರೋಣ" ಅಂದೆ.

ಹೋಗಿ ಬಂದೆವು. ದಾರಿಯಲ್ಲಿ ಅವರೂ ಕಿವಿ ಹೊರಗಿಟ್ಟು ಕುಳಿತಿದ್ದರು, ಮತ್ತೆ ಆ ಮಾತೆತ್ತಲಿಲ್ಲ. ಕಾಫಿ ಕುಡಿದು ಹೋಗಿ ಎಂದು ಕರೆದೆ. ಮೇಷ್ಟ್ರು ನಮ್ಮ ಗೇಟಿನ ಮುಂದೆ ನಿಂತು, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿ, "ಅವಸರದ ಕೆಲ್ಸ" ಅಂದರು. ನಾನು ತಿರುಗಿ ಎದುರು ಮನೆಯ ಕಡೆ ನೋಡಿದೆ. ಮೇಡಂ ಇಲ್ಲ.