ಇಂಗ್ಲೆಂಡಿನ ಮುದುಕನಿಗೆ ಗಂಗಾವತಿಯ ದನಿ

"ಮೇಡಂ, ಈ ಸೀನ್ ನಮ್ಮ ಕಡೆ ಮಾತಿನಾಗ ಮಾಡ್ಲೇನ್ರಿ?" ಎಂದು ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

ಬೆಂಗಳೂರಿನಲ್ಲಿ ಕುಳಿತು ಆನ್‌ಲೈನಿನಲ್ಲೇ ಡಬ್ಬಿಂಗ್ ನೋಡಿಕೊಳ್ಳುವ ಮೇಡಂ ಮೆಲ್ಲಗೆ ಹೇಳಿದರು, "ಜನ ನಗ್ತಾರೆ ಸರ್. ಇದು ಕಾಮಿಡಿ ಸೀನ್ ಅಲ್ಲ."

ಸಿಟ್ಟು ನೆತ್ತಿಗೇರಿತು. ನಾವು ಗಂಗಾವತಿಯವರು ಬಾಯಿ ಬಿಟ್ಟರೆ ಸಾಕು, ಕಾಮಿಡಿ! ಆದರೆ ಅನ್ನ ಕೊಡುವ ಕೆಲಸ ನೋಡಿ... ಸಿಟ್ಟು ತೋರಿಸದೆ ಮತ್ತೆ ಕೇಳಿದೆ.

ನಾನು ಎಷ್ಟೋ ವರ್ಷದಿಂದ ಇಂಗ್ಲೆಂಡಿನ ಒಬ್ಬ ನಟನಿಗೆ ಕನ್ನಡದಲ್ಲಿ ದನಿ ಕೊಡುತ್ತಿದ್ದೇನೆ. ಹೆಸರು ಬರೆಯುವಂತಿಲ್ಲ, ಅಗ್ರಿಮೆಂಟ್ ಇದೆ.

ಸ್ಟುಡಿಯೋ ಎಂದರೆ ಅಪ್ಪನ ಗಾದಿ ಅಂಗಡಿಯ ಹಿಂದಿನ ರೂಮು. ನಾವು ಪಿಂಜಾರರು, ಹತ್ತಿ ಹಿಂಜಿ ಗಾದಿ ಹೊಲಿಯುವವರು. ಗೋಡೆಗುಂಟ ಗಾದಿ ನಿಲ್ಲಿಸಿ ಬಾಗಿಲು ಹಾಕಿದರೆ, ಹೊರಗೆ ಭತ್ತದ ಲಾರಿ ಎಷ್ಟೇ ಹಾರ್ನ್ ಹೊಡೆದರೂ ಒಳಗೆ ಕೇಳುವುದಿಲ್ಲ.

ಈ ನಟ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ. ನಾಟಕದ ಶಾಲೆಗೆ ಸೇರಿದಾಗ ಅವರ ಊರಿನ ಮಾತು ಕೇಳಿ ಕ್ಲಾಸೆಲ್ಲ ನಕ್ಕಿತ್ತಂತೆ. ಅವತ್ತಿನಿಂದ ಮಾತು ತಿದ್ದಿಕೊಂಡರು.

ಮೊದಲು ಸ್ಟೇಜಿನ ಮೂಲೆಯಲ್ಲಿ ಈಟಿ ಹಿಡಿದು ನಿಲ್ಲುವ ಸೈನಿಕ, ಡೈಲಾಗೇ ಇಲ್ಲ. ನಾಟಕ ಮಾಡುತ್ತ ಮಾಡುತ್ತ ರಾಜನ ಪಾತ್ರಕ್ಕೆ ಏರಿದರು. ಸಿನಿಮಾ ಅವರನ್ನು ಕರೆಯುವ ಹೊತ್ತಿಗೆ ತಲೆ ಅರ್ಧ ನರೆತಿತ್ತು.

ಜಡ್ಜ್, ಮಂತ್ರಿ, ಉದ್ದ ಕೋಟಿನ ವಿಲನ್... ಎಲ್ಲದಕ್ಕೂ ಇಸ್ತ್ರಿ ಮಾಡಿದಂಥ ಇಂಗ್ಲಿಷು. ನಾನೂ ಇಸ್ತ್ರಿ ಮಾಡಿದ ಕನ್ನಡವನ್ನೇ ಕೊಟ್ಟೆ. ನಾನೂ ಅವರ ಹಾಗೇ, ಮೈಕ್ ಮುಂದೆ ಊರಿನ ಮಾತು ಬಿಟ್ಟು ಬೆಳೆದವನು.

ಅಪ್ಪ ಮಾತ್ರ ಅದು ನನ್ನ ದನಿ ಎಂದು ಒಮ್ಮೆಯೂ ಒಪ್ಪಲಿಲ್ಲ. ಟೀವಿ ಹಚ್ಚಿ ತೋರಿಸಿದರೆ, "ಇಂವ ಯಾವನೋ ಸಾಹೇಬ ಮಾತಾಡಾಕತ್ತಾನ. ನೀ ಹಿಂಗ ಎಲ್ಲಿ ಮಾತಾಡ್ತಿ ಬಿಡೋ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ನೋವಾಗುತ್ತಿತ್ತು.

ಈಗ ಬಂದಿರುವುದು ಆ ನಟನ ಕೊನೆಯ ಸಿನಿಮಾ. ಇನ್ನು ಸಾಕು ಎಂದು ಅವರೇ ಹೇಳಿದ್ದಾರೆ.

ಮೊದಲ ಸೀನ್ ಕೇಳಿದಾಗ ನನಗೆ ಗಾಬರಿಯಾಯಿತು. ಮಾತು ಮೊಟಕು ಮೊಟಕು, ಅರ್ಧ ಶಬ್ದ ನುಂಗುತ್ತಾರೆ. ಮುದುಕನಿಗೆ ಏನಾದರೂ ಕಾಯಿಲೆಯೇ ಅಂದುಕೊಂಡೆ.

ಕೇಳುತ್ತ ಹೋದಂತೆ ಗೊತ್ತಾಯಿತು... ಅವರು ತಮ್ಮ ಊರಿನ ಮಾತು ಆಡುತ್ತಿದ್ದಾರೆ. ನಾನು ಕೇಳಿದಷ್ಟರಲ್ಲಿ ಇದೇ ಮೊದಲ ಸಲ.

ಸೀನ್ ಇಷ್ಟೇ. ಬಹಳ ವರ್ಷದ ಮೇಲೆ ಮುದುಕ ಊರಿನ ಮನೆಗೆ ಬರುತ್ತಾನೆ. ಕೋಟು ತೆಗೆದು ಮೊಳೆಗೆ ಹಾಕಿ, ಅಪ್ಪ ತೀರಿಹೋಗಿರುವುದನ್ನೇ ಮರೆತು, ಒಳಗೆ ನೋಡಿ ಕೂಗುತ್ತಾನೆ, ಅಪ್ಪಾ, ಊಟ ಆಯ್ತಾ?

ಒಳಗಿನಿಂದ ಯಾರೂ ಮಾತಾಡುವುದಿಲ್ಲ. ಅವನು ಹಾಗೇ ನಿಂತಿರುತ್ತಾನೆ.

ಎಷ್ಟು ಸಲ ಹೇಳಿದರೂ ಅದು ನನ್ನ ಬಾಯಲ್ಲಿ ವಾರ್ತೆ ಓದಿದ ಹಾಗೆ ಆಗುತ್ತಿತ್ತು. ತುಟಿಗೆ ಕೂಡುತ್ತದೆ, ಅವರ ಕಣ್ಣಿಗೆ ಕೂಡುವುದಿಲ್ಲ. ಅದಕ್ಕೇ ಮೇಡಂಗೆ ಕೇಳಿದ್ದು.

ಕೊನೆಗೆ ಮೇಡಂ ಹೇಳಿದರು, "ಒಂದ್ಸಲ ರಿಹರ್ಸಲ್ ಕೇಳಿಸಿ. ಸರಿಹೋಗ್ಲಿಲ್ಲ ಅಂದ್ರೆ ಈ ಸಿನಿಮಾ ಬೇರೆಯವರ ಹತ್ರ ಮಾಡಿಸ್ತೀನಿ. ಬೇಜಾರ್ ಮಾಡ್ಕೋಬೇಡಿ."

ಇಷ್ಟು ವರ್ಷ ಜೊತೆಗಿದ್ದು, ಆ ನಟನ ಕೊನೆಯ ಮಾತನ್ನು ಬೇರೆ ಯಾರೋ ಆಡುವುದೇ?

ಅದೇ ಹೊತ್ತಿಗೆ ಕರೆಂಟ್ ಬೇರೆ ಹೋಯಿತು. ಇನ್ವರ್ಟರ್‌ನಲ್ಲಿ ಲ್ಯಾಪ್‌ಟಾಪ್, ಮೈಕ್ ಅಷ್ಟೇ ನಡೆಯುತ್ತವೆ, ಫ್ಯಾನ್ ಇಲ್ಲ. ಗಾದಿಗಳ ನಡುವೆ ಜೀವ ಬೆಂದುಹೋಗುತ್ತಿತ್ತು. ಹೇಗೂ ರಿಹರ್ಸಲ್ ತಾನೇ ಎಂದು ಬಾಗಿಲು ಸ್ವಲ್ಪ ತೆರೆದಿಟ್ಟೆ. ಹೊರಗೆ ಅಪ್ಪ ಗಾದಿ ಹೊಲಿಯುತ್ತಿದ್ದ.

ಸೀನ್ ಶುರುವಾಯಿತು. ಮುದುಕ ಕೋಟು ತೆಗೆದು ಮೊಳೆಗೆ ಹಾಕಿದ. ಒಳಗೆ ನೋಡಿದ.

"ಅಪ್ಪಾ... ಉಂಡಿಯೇನ?"

"ಇಲ್ಲೋ ಇನ್ನೂ! ನೀನೂ ಬಾ, ಕೂಡೇ ಉಣ್ಣೂಣು!"

ನಮ್ಮಪ್ಪ! ಅಂಗಡಿಯಿಂದ!

ಸ್ಕ್ರೀನ್ ಮೇಲೆ ಆ ಮುದುಕ ಇನ್ನೂ ಖಾಲಿ ಕೋಣೆ ನೋಡುತ್ತ ನಿಂತಿದ್ದಾನೆ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

"ಯಾರದು?" ಎಂದರು ಮೇಡಂ.

"ನಮ್ಮಪ್ಪ ರೀ... ನಾನ ಕರದೆ ಅಂತ ತಿಳ್ಕೊಂಡಾನ."

ಮುಗಿಯಿತು ಕಥೆ ಅಂದುಕೊಂಡೆ.

"ಬಾಗಿಲು ಹಾಕ್ಕೊಂಡು ಬನ್ನಿ ಸರ್," ಎಂದರು ಮೇಡಂ. ಅವರ ದನಿಯೂ ಭಾರವಾಗಿತ್ತು. "ಇದೇ ಥರ ಹೇಳಿ. ಪೂರ್ತಿ ಸಿನಿಮಾ ಇದೇ ಥರ."

ಬಾಗಿಲು ಹಾಕಲು ಹೋದರೆ ಅಪ್ಪ ಸೂಜಿ ಹಿಡಿದು ಇತ್ತಲೇ ನೋಡುತ್ತಿದ್ದಾನೆ. "ಕರದು ಅಲ್ಲೇ ನಿಂತಿಯಲ್ಲೋ? ರೊಟ್ಟಿ ಆರಾಕತ್ತಾವ."

ಕರೆದವನು ನಾನಲ್ಲ, ಇಂಗ್ಲೆಂಡಿನ ಮುದುಕ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. "ಬಂದೆ ತಡಿಯಪ್ಪಾ" ಎಂದು ಬಾಗಿಲು ಹಾಕಿಕೊಂಡೆ.

ಟೀವಿಯೊಳಗಿನ ಸಾಹೇಬನಿಗೆ ಅಪ್ಪ ಇಷ್ಟು ವರ್ಷ ಓಗೊಟ್ಟಿರಲಿಲ್ಲ...

ನಿಮಗೂ ಹೊರಗಿನದೊಂದು, ಮನೆಯದೊಂದು ದನಿ ಇದ್ದೇ ಇರುತ್ತದೆ. ನಿಮ್ಮಪ್ಪ ಯಾವುದಕ್ಕೆ "ಓ" ಅನ್ನುತ್ತಾರೆ?