ಅಪ್ಪ ಇಳಿಸಿಟ್ಟ ಸ್ಟೆಪ್ನಿ

ಬೆಳಗಿನ ಜಾವ ಮೂರೂವರೆಗೆ ‘ಫುಸ್ ಫುಸ್’ ಸದ್ದಿಗೆ ಎಚ್ಚರವಾಯಿತು. ಮಗುವಿಗೆ ಏನಾಯಿತೋ ಎಂದು ಗಾಬರಿಯಿಂದ ಎದ್ದೆ. ಮಗು ಮಲಗಿತ್ತು. ಅಂಗಳದಲ್ಲಿ ಅಪ್ಪ ಕಾಲಿನ ಪಂಪು ಒತ್ತುತ್ತಾ ಕಾರಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಟೈರು ತಣ್ಣಗಿದ್ದಾಗಲೇ ಗಾಳಿ ನೋಡಬೇಕೆಂಬುದು ಅವರ ಹಳೆಯ ಶಾಸ್ತ್ರ.

ಆ ಸದ್ದಿಗೆ ನಾನು ನೆನಪಿನಲ್ಲೇ ಚಿಕ್ಕಂದಿನ ದೊಡ್ಡಬಳ್ಳಾಪುರದ ಪೆಟ್ರೋಲ್ ಬಂಕಿಗೆ ಹೋಗಿಬಿಟ್ಟೆ. ಅಪ್ಪ ನಮ್ಮ ಪುಟ್ಟ ಕಾರಿನ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಒಳಗಿನ ಗಾಳಿ ಹೊರಡಲೆಂದು ಕಾರನ್ನು ತೊಟ್ಟಿಲಿನಂತೆ ತೂಗಿ, ಇನ್ನಷ್ಟು ಹಾಕಿಸುತ್ತಿದ್ದರು. ಘಾಟಿ ದೇವಸ್ಥಾನಕ್ಕೆ ಹೋಗಿಬಂದು ಮತ್ತೆ ಅಲ್ಲಿಯವರೆಗೇ ತುಂಬಿಸಿದರೆ ಕಾರು ಕುಡಿದದ್ದೆಷ್ಟೆಂದು ತಿಳಿಯುತ್ತಿತ್ತು. ಮೈಲೇಜ್ ಹೆಚ್ಚಲೆಂದು ಭಾರ ಇಳಿಸುವುದೂ ಇತ್ತು. ಮೊದಲು ಅಮ್ಮನ ನೀರಿನ ಬಿಂದಿಗೆ ಇಳಿಯಿತು, ಆಮೇಲೆ ನನ್ನ ಗೊಂಬೆ, ಒಂದು ಸಲ ಬದಲಿ ಚಕ್ರ ಸ್ಟೆಪ್ನಿಯೂ.

ಅಂದೇ ಘಾಟಿ ರಸ್ತೆಯಲ್ಲಿ ಟೈರು ಪಂಕ್ಚರ್ ಆಯಿತು.

“ಮೈಲೇಜ್ ಎಷ್ಟ್ ಬಂತ್ರೀ?” ಅಮ್ಮ ಕೇಳಿದಳು.

“ಈ ಸಲ ಚೆನ್ನಾಗೇ ಬರ್ತಿತ್ತು ಕಣೇ,” ಎಂದು ಅಪ್ಪ ನಿಜವಾಗಿಯೂ ನೊಂದುಕೊಂಡರು.

ಕಾರನ್ನು ಅಲ್ಲೇ ಬಿಟ್ಟು, ಸೀರೆ ಗಂಟುಗಳ ಟೆಂಪೋ ಹತ್ತಿ ಮನೆಗೆ ಬಂದೆವು. “ನಮ್ ಪೆಟ್ರೋಲು ಒಂದ್ ತೊಟ್ಟೂ ಖರ್ಚಾಗ್ತಿಲ್ಲ, ಇದಕ್ಕಿಂತ ಮೈಲೇಜ್ ಬೇಕೇನ್ರೀ?” ಎಂದು ಅಮ್ಮ ದಾರಿಯುದ್ದಕ್ಕೂ ನಕ್ಕಳು.

ಇವತ್ತು ಬೆಳಗ್ಗೆ ಮಗುವಿನ ಮುಡಿ ಕೊಡಲು ಅದೇ ಘಾಟಿಗೆ ಹೊರಡಬೇಕು. ಅಂಗಳದಲ್ಲಿ ಸ್ಟೆಪ್ನಿ ಗೋಡೆಗೆ ಒರಗಿ ನಿಂತಿದೆ. ಕೇಳಿದ್ದಕ್ಕೆ ಅಪ್ಪ, “ಮಗು ತೂಕ ಸೇರ್ಕೊಳ್ತಲ್ಲಮ್ಮ, ಸರಿದೂಗಿಸ್ಬೇಡ್ವಾ?” ಅಂದರು. ನನ್ನ ಮಾತನ್ನಂತೂ ಕೇಳುವುದಿಲ್ಲ. ನಮ್ಮ ಮನೆಯವರ ಗ್ರೂಪಿನಲ್ಲಿ ಇದನ್ನು ಓದುವ ಅತ್ತೆ, ಚಿಕ್ಕಪ್ಪ, ಯಾರಾದರೂ ಸರಿ, ಬೆಳಗಾಗುವುದರೊಳಗೆ ದಯವಿಟ್ಟು ಅಪ್ಪನಿಗೊಂದು ಫೋನ್ ಮಾಡಿ, ಸ್ಟೆಪ್ನಿ ಒಳಗಿಡಿಸಿ.