ಸ್ಟೆಬಿಲೈಸರ್ ಮೇಲಿಟ್ಟ ಮೂವತ್ತು ಫ್ಲಾಪಿ

೧೯೮೮ರ ಮಳೆಗಾಲ. ಸಾಗರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಾನು ದಿನಕ್ಕೆ ನಾಲ್ಕು ಗಂಟೆ ಕೆಲಸ ಮಾಡುತ್ತಿದ್ದೆ. ಹುದ್ದೆಗೆ ಹೆಸರೇನೂ ಇರಲಿಲ್ಲ. ಬಂದುಹೋಗುವವರು 'ಕಂಪ್ಯೂಟರ್ ಅಮ್ಮ' ಎನ್ನುತ್ತಿದ್ದರು, ನಾನೂ ಓಗೊಡುತ್ತಿದ್ದೆ. ಮದುವೆಯಾಗಿ ಹನ್ನೊಂದು ವರ್ಷ ಮನೆಗೆಲಸ ಬಿಟ್ಟು ಬೇರೆ ಕೆಲಸ ಕಂಡವಳಲ್ಲ. ಕಾನ್ವೆಂಟಿನಲ್ಲಿ ಕಲಿತ ಟೈಪಿಂಗ್ ಬೆರಳುಗಳಲ್ಲಿ ಉಳಿದಿತ್ತು. ಅದನ್ನು ಕೇಳಿ ತಿಳಿದಿದ್ದ ಡಾಕ್ಟರು, "ಮಕ್ಕಳು ಸ್ಕೂಲಿಗೆ ಹೋದ ಮೇಲೆ ಬನ್ನಿ, ಅವರು ಬರುವಷ್ಟರಲ್ಲಿ ಹೋಗಿ" ಎಂದು ಕರೆದಿದ್ದರು.

ಬೆಂಗಳೂರಿನ ಒಂದು ಆಫೀಸಿನವರು ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ನಮ್ಮ ಡಾಕ್ಟರಿಗೆ ಕೊಟ್ಟಿದ್ದರು. ಹಸಿರು ಅಕ್ಷರದ ಪರದೆ, ಒತ್ತಿದರೆ ಟಕ್ ಎನ್ನುವ ಕೀಲಿಗಳು, ಒಳಗೆ ಹತ್ತು ಮೆಗಾಬೈಟ್ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಎಂದರೆ ಕಂಪ್ಯೂಟರಿನ ಉಗ್ರಾಣ. ಟೈಪ್ ಮಾಡಿದ್ದೆಲ್ಲ ಕೂಡಿಡುವ ಜಾಗ. ಹಳೆಯ ರೋಗಿಗಳ ವಿವರ, ಎಕ್ಸ್‌ರೇ ವರದಿ ಎಲ್ಲವನ್ನೂ ಅದರಲ್ಲಿ ತುಂಬುವುದು ನನ್ನ ಕೆಲಸ. ಎಲ್ಲಕ್ಕಿಂತ ಮುಖ್ಯವಾದದ್ದು ಬುಧವಾರದ ಪಟ್ಟಿ.

ಆ ಪಟ್ಟಿಯ ವಿಷಯ ಸ್ವಲ್ಪ ಹೇಳಬೇಕು. ರುಮ್ಯಾಟಿಕ್ ಜ್ವರ ಎಂಬುದು ಗಂಟಲು ನೋವಿನಿಂದ ಶುರುವಾಗಿ, ಕೀಲುಗಳಿಗೆ ಬಂದು, ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಒಮ್ಮೆ ಬಂದವರಿಗೆ ಮತ್ತೆ ಬಾರದಂತೆ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಕೊಡಬೇಕು, ವರ್ಷಗಟ್ಟಲೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಎಂಬತ್ತಮೂರು ಜನ, ಹೆಚ್ಚಿನವರು ಮಕ್ಕಳು, ಮೂರು ವಾರಕ್ಕೊಮ್ಮೆ ಬುಧವಾರದಂದು ಬರುತ್ತಿದ್ದರು. ಒಂದು ವಾರ ಮೊದಲೇ ಎಲ್ಲರಿಗೂ ಪೋಸ್ಟ್ ಕಾರ್ಡ್ ಹೋಗುತ್ತಿತ್ತು. ವಿಳಾಸಗಳನ್ನು ಪ್ರಿಂಟರ್ ಕರಕರನೆ ಹೊಡೆದುಕೊಡುತ್ತಿತ್ತು. ಇಂಜೆಕ್ಷನ್ ಕೊಟ್ಟ ದಿನ ಬರೆಯುವ ಚೀಟಿಪುಸ್ತಕ ರೋಗಿಗಳ ಕೈಯಲ್ಲೇ ಇರುತ್ತಿತ್ತು. ನಮ್ಮ ಹಳೆಯ ದಪ್ಪ ರಿಜಿಸ್ಟರನ್ನು ಕಂಪ್ಯೂಟರ್ ಬಂದ ವರ್ಷವೇ ಬಿಟ್ಟುಬಿಟ್ಟಿದ್ದೆವು. ಬೆಳ್ಳಿಹುಳ ತಿಂದು ಅದು ಜರಡಿಯಾಗಿತ್ತು.

ಜೂನ್ ಹೊತ್ತಿಗೆ ಉಗ್ರಾಣ ಭರ್ತಿಯಾಯಿತು. ಹೊಸ ಹೆಸರೊಂದನ್ನು ಸೇರಿಸಲು ಹೋದರೆ ಜಾಗವಿಲ್ಲ ಎಂದು ಪರದೆ ಹೇಳುತ್ತಿತ್ತು. ಡಾಕ್ಟರು ನಲವತ್ತು ಮೆಗಾಬೈಟಿನ ಹೊಸ ಡಿಸ್ಕ್ ತರಿಸಲು ಒಪ್ಪಿದರು. ಹಾಕಿಕೊಡಲು ಬೆಂಗಳೂರಿನಿಂದ ಪ್ರಭಾಕರ್ ಎಂಬ ಇಂಜಿನಿಯರು ಬರುವುದೆಂದಾಯಿತು. ಅವರು ಟ್ರಂಕ್ ಕಾಲ್ ಮಾಡಿ, ಇರುವುದೆಲ್ಲವನ್ನೂ ಫ್ಲಾಪಿಗಳಿಗೆ ನಕಲು ಮಾಡಿಡಿ ಎಂದರು. ಇದನ್ನೇ ಬ್ಯಾಕಪ್ ಎನ್ನುವುದು. ಫ್ಲಾಪಿ ಎಂದರೆ ಹೊರಗೆ ತೆಗೆದಿಡಬಹುದಾದ ತೆಳು ಚೌಕದ ಡಿಸ್ಕ್; ಒಂದೊಂದರಲ್ಲಿ ಹಿಡಿಯುವುದು ಮುನ್ನೂರ ಅರವತ್ತು ಕಿಲೋಬೈಟ್ ಮಾತ್ರ. ಎರಡು ದಿನ ಬೆಳಿಗ್ಗೆ ಕೂತು ಮೂವತ್ತು ಫ್ಲಾಪಿ ತುಂಬಿಸಿದೆ. ಪ್ರತಿಯೊಂದಕ್ಕೂ ನಂಬರಿನ ಲೇಬಲ್ ಅಂಟಿಸಿ, ಹತ್ತರಂತೆ ಮೂರು ಡಬ್ಬಿಗಳಲ್ಲಿಟ್ಟೆ.

ಎರಡು ದಿನದಲ್ಲಿ ಬರಬೇಕಿದ್ದ ಪ್ರಭಾಕರ್ ಬಂದದ್ದು ಹನ್ನೆರಡು ದಿನ ಬಿಟ್ಟು. ಈ ಮಧ್ಯೆ ನಾನೊಂದು ಕೆಲಸ ಮಾಡಿದೆ. ಹಿಂದಿನ ಮಳೆಗಾಲದಲ್ಲಿ ಒಂದು ಫ್ಲಾಪಿಯ ಕಿಂಡಿಯಲ್ಲಿ ಬಿಳಿ ಬೂಷ್ಟು ಕಂಡಿದ್ದೆ. ಮನೆಯಲ್ಲಾದರೆ ಬೆಂಕಿಪೊಟ್ಟಣ, ಉಪ್ಪು, ಹಪ್ಪಳವನ್ನೆಲ್ಲ ಮಳೆಗಾಲದಲ್ಲಿ ಒಲೆಯ ಬದಿಯ ಬೆಚ್ಚಗಿನ ಜಾಗದಲ್ಲಿ ಇಡುತ್ತೇವೆ. ಕಂಪ್ಯೂಟರ್ ಕೋಣೆಯಲ್ಲಿ ಬೆಚ್ಚಗಿದ್ದದ್ದು ಒಂದೇ: ಕರೆಂಟು ಏರಿಳಿಯದಂತೆ ನೋಡಿಕೊಳ್ಳುವ ವೋಲ್ಟೇಜ್ ಸ್ಟೆಬಿಲೈಸರ್. ಹಗಲಿಡೀ ಗುಂಯ್ ಎನ್ನುತ್ತಿತ್ತು, ಅಂಗೈ ಇಟ್ಟರೆ ಹಿತವಾಗಿರುತ್ತಿತ್ತು. ಮೂರು ಡಬ್ಬಿಗಳನ್ನೂ ಒಂದರ ಮೇಲೊಂದು ಅದರ ನೆತ್ತಿಯ ಮೇಲೆ ಪೇರಿಸಿ, ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿದೆ. ಜಾಣತನ ಮಾಡಿದೆನೆಂದೇ ನನ್ನ ಭಾವನೆ.

ಪ್ರಭಾಕರ್ ಒಂದು ಸೋಮವಾರ ಬೆಳಿಗ್ಗೆ ಬಂದರು. ಹೊಸ ಡಿಸ್ಕನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರಂತೆ. ಅದು ಇಟ್ಟಿಗೆಯಷ್ಟು ಭಾರವಿತ್ತು. ಒಳಗಿನದನ್ನೆಲ್ಲ ಬಿಚ್ಚಿ, ಸ್ಕ್ರೂಗಳನ್ನು ನಮ್ಮ ಕಾಫಿ ಬಸಿಯಲ್ಲಿ ಹಾಕಿಕೊಂಡು ವಿವರಿಸಿದರು: ಈ ಕಂಪ್ಯೂಟರಿಗೆ ಮೂವತ್ತೆರಡು ಮೆಗಾಬೈಟಿಗಿಂತ ದೊಡ್ಡ ಜಾಗ ಒಂದಾಗಿ ಕಾಣುವುದಿಲ್ಲ, ನಡುವೆ ಗೋಡೆ ಹಾಕಿ ಎರಡು ಕೋಣೆ ಮಾಡಬೇಕು. ಹೊಸ ಡಿಸ್ಕಿಗೆ ಅದನ್ನು ನಡೆಸುವ ಹೊಸ ಕಂಟ್ರೋಲರ್ ಕಾರ್ಡ್ ಬೇಕು. ಆ ಕಾರ್ಡಿಗೆ ಹಳೆಯ ಡಿಸ್ಕಿನ ಬರಹ ತಿಳಿಯುವುದಿಲ್ಲ. ಆದ್ದರಿಂದ ಹಳೆಯದನ್ನೂ ಪೂರ್ತಿ ಅಳಿಸಿ ಮೊದಲಿನಿಂದ ಸಿದ್ಧಮಾಡಬೇಕು.

"ಬ್ಯಾಕಪ್ ಇದೆಯಲ್ವಾ ಮೇಡಂ?" ಎಂದು ಕೇಳಿದರು.

"ಇದೆ. ಎರಡು ಸಲ ಎಣಿಸಿಟ್ಟಿದ್ದೀನಿ" ಎಂದೆ.

ಅವರು ಅಳಿಸಿದರು. ಮಧ್ಯಾಹ್ನ ಫ್ಲಾಪಿಗಳಿಂದ ವಾಪಸು ತುಂಬಿಸಲು ಕೂತೆವು. ಒಂದನೇ ಫ್ಲಾಪಿ ಹಾಕಿದರೆ ಡ್ರೈವ್ ಗೊರಗೊರ ಸದ್ದು ಮಾಡಿ, ಓದಲಾಗುತ್ತಿಲ್ಲ ಎಂದು ಪರದೆ ಹೇಳಿತು. ಕೆಳಗೆ 'ಅಬಾರ್ಟ್, ರಿಟ್ರೈ, ಫೇಲ್?' ಎಂಬ ಪ್ರಶ್ನೆ. ಯಾವುದನ್ನು ಒತ್ತಿದರೂ ಸುಖವಿಲ್ಲ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಪ್ರಭಾಕರ್ ಕೋಣೆಯ ಸುತ್ತ ನೋಡಿ, "ಇವನ್ನೆಲ್ಲ ಎಲ್ಲಿಟ್ಟಿದ್ರಿ?" ಎಂದರು. ತೋರಿಸಿದೆ. ಅವರು ನನ್ನಿಂದ ಒಂದು ಹೇರ್‌ಪಿನ್ ಕೇಳಿ ತೆಗೆದುಕೊಂಡು, ದಾರಕ್ಕೆ ಕಟ್ಟಿ ಸ್ಟೆಬಿಲೈಸರಿನ ಹತ್ತಿರ ಹಿಡಿದರು. ಪಿನ್ನು ಸಣ್ಣಗೆ ನಡುಗಿತು.

"ಒಳಗೆ ಟ್ರಾನ್ಸ್‌ಫಾರ್ಮರ್ ಇದೆ ಮೇಡಂ. ಅದೂ ಒಂದು ಅಯಸ್ಕಾಂತವೇ. ಫ್ಲಾಪಿಲಿರೋ ಬರಹವೂ ಅಯಸ್ಕಾಂತದ್ದೇ."

ಮೇಲಿನ ಎರಡು ಡಬ್ಬಿ ಉಳಿದುಕೊಂಡಿದ್ದವು. ಎಕ್ಸ್‌ರೇ ವರದಿಗಳು ಸಿಕ್ಕವು. ಸ್ಟೆಬಿಲೈಸರಿಗೆ ತಾಗಿದ್ದ ಕೆಳಗಿನ ಡಬ್ಬಿಯಲ್ಲಿದ್ದದ್ದು ಬುಧವಾರದ ಪಟ್ಟಿ. ಅದನ್ನು ಉಳಿಸಲು ಪ್ರಭಾಕರ್ ಸಂಜೆಯ ಬಸ್ಸು ಬಿಟ್ಟು ಹೆಣಗಿದರೂ ಫಲವಾಗಲಿಲ್ಲ. ಎರಡು ದಿನದಲ್ಲಿ ಕಾರ್ಡುಗಳು ಅಂಚೆಗೆ ಬೀಳಬೇಕಿತ್ತು.

ಡಾಕ್ಟರಿಗೆ ನಾನೇ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಬೈದರೆ ಹೆಸರು ವಾಪಸ್ ಬರೋದಾದ್ರೆ ಬೈತಿದ್ದೆ. ಫಿಲೋಮಿನಾನ ಕರೀರಿ" ಎಂದರು.

ಸಿಸ್ಟರ್ ಫಿಲೋಮಿನಾ ನಮ್ಮ ಹಿರಿಯ ನರ್ಸ್, ಕರಾವಳಿಯವರು. ಆ ಇಂಜೆಕ್ಷನ್‌ಗಳನ್ನೆಲ್ಲ ಕೊಡುತ್ತಿದ್ದವರು ಅವರೇ. ಹೆಸರು ಕೇಳಿದರೆ ಅವರಿಗೆ ಏನೂ ನೆನಪಾಗಲಿಲ್ಲ. "ಎಂತ ಮಾರಾಯ್ತಿ, ನಾನು ಮುಖ ನೋಡ್ತೇನಾ? ಸೊಂಟ ನೋಡಿ ಸೂಜಿ ಹಾಕುವವಳು ನಾನು!" ಎಂದು ನಗಿಸಿದರು. ಆಮೇಲೆ ಅವರೇ ದಾರಿ ಹುಡುಕಿದರು. "ಬಸ್ಸಲ್ಲಿ ಹೋಗುವ. ನೀನು ಸ್ಟಾಪ್ ಹೇಳ್ತಾ ಹೋಗು, ಎಲ್ಲಿ ಯಾರು ಇಳೀತಾರೆ ಅಂತ ನಾನು ಹೇಳ್ತೇನೆ."

ನಾನು ಬಟ್ಟೆಮಲ್ಲಪ್ಪ ಸ್ಟಾಪು ಎಂದೆ. ಅವರು ಕಣ್ಣು ಮುಚ್ಚಿ, "ಅವಳಿ ಹುಡುಗರಲ್ಲಿ ದೊಡ್ಡವ. ಮತ್ತೆ ಆ ಟೀಚರ ಮಗಳು, ಸೂಜಿ ಕಂಡರೆ ಹಾಡು ಹೇಳ್ತಾಳಲ್ಲ" ಎಂದರು. ಹೀಗೆ ಹೊಸನಗರ, ಅದರಾಚೆ ನಗರ ಎಂಬ ಊರು. ಇನ್ನೊಂದು ದಾರಿಯಲ್ಲಿ ಕವಲೇದುರ್ಗದ ಕ್ರಾಸು, ತೀರ್ಥಹಳ್ಳಿ. ಊರು, ಮನೆಯ ಗುರುತು ಸಿಕ್ಕರೆ ಸಾಕು, ಹೆಸರು ನನಗೆ ಹೊಳೆಯುತ್ತಿತ್ತು. ಎಷ್ಟೋ ಬಾರಿ ಟೈಪ್ ಮಾಡಿದ ಹೆಸರುಗಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಎಂಬತ್ತೆರಡು ವಿಳಾಸಗಳಿದ್ದವು. ಕೈಯಲ್ಲೇ ಕಾರ್ಡು ಬರೆದು ಹಾಕಿದೆ. ಎಂಬತ್ತಮೂರನೆಯದು ಯಾರದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಬುಧವಾರ ಜನ ಬಂದರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಗುರುತು ಹಾಕಿಕೊಂಡೆ. ಹನ್ನೊಂದರ ಸುಮಾರಿಗೆ ನಿಟ್ಟೂರು ಬಸ್ಸಿನ ಕಂಡಕ್ಟರ್ ಶೇಖರ ಔಷಧಿ ಪೊಟ್ಟಣ ಒಯ್ಯಲು ಬಂದವನು, "ಆ ತಾಯಿ ಮಗಳು ಈ ಸಲ ಹತ್ಲೇ ಇಲ್ವಲ್ಲ ಅಕ್ಕಾ?" ಎಂದ.

"ಯಾವ ತಾಯಿ ಮಗಳು?"

"ಅದೇ, ನಿಟ್ಟೂರಿಂದ ಆಚೆ ಸೇತುವೆ ಹತ್ರ ಹತ್ತೋರು. ಹುಡುಗಿಗೆ ಮೆಟ್ಲು ಹತ್ತಾಕೂ ಏದುಸಿರು, ನಾನೇ ಕೈ ಕೊಟ್ಟು ಹತ್ತಿಸ್ತೀನಿ." ಕಾರಣ ಹೇಳಿದಾಗ ಅವನಿಗೆ ನಗು ತಡೆಯಲಿಲ್ಲ. "ಕಂಪ್ಯೂಟರ್ ಮರ್ತಿದ್ದು ಕಂಡಕ್ಟರ್‌ಗೆ ನೆನಪಿದೆ ನೋಡಿ. ನನ್ನೇ ಮೇಜಿನ್ ಮೇಲೆ ಕೂರಿಸ್ಕಳಿ."

ಆಗ ನೆನಪಾಯಿತು. ಸುಮಿತ್ರಾ, ಹದಿಮೂರು ವರ್ಷ. ಸಿಸ್ಟರ್ ಎರಡು ತಿಂಗಳು ರಜೆಯಲ್ಲಿದ್ದಾಗ ಸೇರಿದ್ದವಳು, ಅವಳಿಗೆ ಅಲ್ಲಿವರೆಗೆ ಸೂಜಿ ಹಾಕಿದ್ದೆಲ್ಲ ಬೇರೆ ನರ್ಸ್. ಕವಾಟ ಆಗಲೇ ಅರ್ಧ ಕೆಟ್ಟಿತ್ತು. ಇನ್ನೊಂದು ಸಲ ಜ್ವರ ಬಂದರೆ ಕಷ್ಟ ಎಂದು ಡಾಕ್ಟರು ಅವಳ ವಿಷಯದಲ್ಲೇ ಹೇಳಿದ್ದರು.

ಗುರುವಾರ ಬೆಳಿಗ್ಗೆ ಮಕ್ಕಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಶೇಖರನ ಬಸ್ಸು ಹತ್ತಿದೆ. ಅವನು ಸೇತುವೆಯ ಹತ್ತಿರ ಇಳಿಸಿ, ತಿರುಗಿ ಬರುವಾಗ ಹಾರ್ನ್ ಹಾಕುತ್ತೇನೆ ಎಂದ. ಅವರ ಮನೆ ರಸ್ತೆಯಿಂದ ಕೂಗಳತೆಯಲ್ಲೇ ಇತ್ತು. ತಾಯಿ ಪದ್ಮಾವತಿ ನನ್ನನ್ನು ನೋಡಿ ಮುಖವರಳಿಸಿ ಚಾಪೆ ಹಾಸಿದಳು.

"ನಿನ್ನೆ ಯಾಕೆ ಬರಲಿಲ್ಲ ಪದ್ಮಾವತಿ?" ಎಂದೆ.

"ಕಾಗ್ದ ಬರ್ಲಿಲ್ವಲ್ಲಮ್ಮ. ಇನ್ ಸೂಜಿ ಬ್ಯಾಡ, ವಾಸಿಯಾಯ್ತು ಅಂತ ಡಾಕ್ಟ್ರೇ ನಿಲ್ಸಿದ್ರು ಅಂದ್ಕಂಡ್ವಿ. ನಿನ್ನೆ ದೇವ್ರಿಗೆ ಕಾಯಿ ಒಡ್ದು ಪಾಯ್ಸ ಮಾಡಿದ್ವಿ." ನನಗೂ ಒಂದು ಲೋಟದಲ್ಲಿ ಉಳಿದ ಪಾಯಸ ತಂದಿಟ್ಟಳು. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ನಗುತ್ತಿದ್ದಳು.

ಆ ಪಾಯಸವನ್ನು ಕುಡಿದು ಮುಗಿಸಿದೆ. ಆಮೇಲೆ ತಪ್ಪು ನನ್ನದೆಂದು, ಅವಳಿಗೆ ಇನ್ನೂ ವಾಸಿಯಾಗಿಲ್ಲವೆಂದು ಹೇಳಿದೆ. ಪದ್ಮಾವತಿ ಖಾಲಿ ಲೋಟವನ್ನು ಬದಿಗಿಟ್ಟಳು. "ಆಯ್ತು ಬಿಡಿ. ಬಾರೇ ಸುಮಿತ್ರಾ, ಲಂಗ ಬದಲಿಸ್ಕ" ಎಂದು ಎದ್ದಳು. ಹಾರ್ನ್ ಕೇಳುವಷ್ಟರಲ್ಲಿ ಮೂವರೂ ಸೇತುವೆಯ ಹತ್ತಿರವಿದ್ದೆವು. ಇಂಜೆಕ್ಷನ್ ಒಂದೇ ದಿನ ತಡವಾಗಿ ಬಿತ್ತು. ಶೇಖರ ಬಾಯಿ ಬಿಡದೆ ಇದ್ದಿದ್ದರೆ ಎಷ್ಟು ತಿಂಗಳು ತಡವಾಗುತ್ತಿತ್ತೋ.

ನಲವತ್ತು ಮೆಗಾಬೈಟ್ ಡಿಸ್ಕ್ ಆಮೇಲೆ ಚೆನ್ನಾಗಿಯೇ ನಡೆಯಿತು. ನಾನು ಕೆಲಸ ಬಿಡುವವರೆಗೂ ಅರ್ಧವೂ ತುಂಬಲಿಲ್ಲ. ಅಂದಿನಿಂದ ಫ್ಲಾಪಿಗಳನ್ನು ಎಣಿಸಿ ಸುಮ್ಮನಾಗುತ್ತಿರಲಿಲ್ಲ, ತೆರೆದು ಓದಿ ನೋಡಿಯೇ ಒಳಗಿಡುತ್ತಿದ್ದೆ. 'ಇಟ್ಟಿದ್ದೇನೆ' ಎಂಬ ಧೈರ್ಯದ ಮೇಲೆ 'ಇದೆ' ಎಂದು ಹೇಳಬಾರದೆಂದು ಆ ಕೆಲಸ ನನಗೆ ಕಲಿಸಿತು. ಇನ್ನೊಂದನ್ನು ಪದ್ಮಾವತಿ ಕಲಿಸಿದಳು: ನಾವು ಕಳಿಸಿದ ಕಾಗದವನ್ನು ಓದುವ ಹಾಗೆಯೇ, ಕಳಿಸದೆ ಉಳಿದ ಕಾಗದವನ್ನೂ ಜನ ಓದುತ್ತಾರೆ. ಮುಂದಿನ ಸಲದಿಂದ ಪ್ರತಿ ಕಾರ್ಡಿನ ಕೆಳಗೂ ನನ್ನ ಕೈಯಾರೆ ಒಂದು ಸಾಲು ಸೇರಿಸಿದೆ: 'ಈ ಕಾಗದ ಬಾರದಿದ್ದರೂ ಇಪ್ಪತ್ತೊಂದು ದಿನಕ್ಕೆ ತಪ್ಪದೆ ಬನ್ನಿ.'

ಆ ಗುರುವಾರ ಕಳೆದು ಮೂರನೇ ಬುಧವಾರ ಪದ್ಮಾವತಿ ಮಗಳ ಕೈ ಹಿಡಿದು, ಕಾರ್ಡನ್ನು ಮೇಲೆತ್ತಿ ತೋರಿಸುತ್ತಲೇ ಒಳಗೆ ಬಂದಳು. "ಪೋಸ್ಟಿನವ್ರು ಓದಿ ಹೇಳಿದ್ರು. ಕಾಗ್ದ ಬಾರ್ದೇ ಹೋದ್ರೂ ಬನ್ನಿ ಅಂತೀರಿ, ಮತ್ತೆ ಎಂತಕ್ಕೆ ಕಾಗ್ದ ಹಾಕ್ತೀರಿ ಅಮ್ಮಾ?"